ಹೊನ್ನಿ ಕೊಡದಲ್ಲಿ ಬಚ್ಚಿಟ್ಟ ನಗು

ಒಂದಾನೊಂದು ಊರಲ್ಲಿ, ನಮ್ಮ ಮುತ್ತಜ್ಜಿಯ ಮುತ್ತಜ್ಜಿಗೆ ಇನ್ನೂ ಹಾಲುಹಲ್ಲು ಬಿದ್ದಿರದಿದ್ದ ಕಾಲದಲ್ಲಿ, ಹೊನ್ನಿ ಅಂತ ಒಬ್ಬಳು ಕುಂಬಾರರ ಹುಡುಗಿ ಇದ್ದಳಂತೆ. ನೋಡಲು ಲಕ್ಷಣವಾಗಿದ್ದಳು. ಮಣ್ಣು ತುಳಿಯುವುದರಲ್ಲಿ ಅವಳ ಕಾಲಿಗೆ ಸಮನಾದ ಕಾಲಿರಲಿಲ್ಲ. ಮುದ್ದೆ ಕಟ್ಟಿದರೆ ಮಡಕೆ ಮಾಡುವ ತಿಗರಿಯ ಮೇಲಿಟ್ಟು ತಿರುಗಿಸಿದ ಹಾಗೆ ದುಂಡಗಿರುತ್ತಿತ್ತು. ಎಲ್ಲಾ ಸರಿಯೇ. ತೊಂದರೆ ಇದ್ದದ್ದು ನಗುವಿನಲ್ಲಿ.

ಅವಳ ನಗು ಕಿಕಿಕಿ ಅಂತ ಮೇಕೆಮರಿಯ ಹಾಗೆ ಶುರುವಾಗುತ್ತಿತ್ತು. ಆಮೇಲೆ ಗಹಗಹ ಅಂತ, ಇಳಿಜಾರಿನಲ್ಲಿ ಕೈಬಿಟ್ಟ ಗಾಡಿಯ ಹಾಗೆ ಉರುಳುತ್ತಿತ್ತು. ಕೊನೆಗೆ ಉಸಿರು ಸಾಲದೆ ಮೂಗಿನಲ್ಲಿ ಗೊರ್ ಅಂತ ಒಂದು ಸದ್ದು ಬಂದು ನಿಲ್ಲುತ್ತಿತ್ತು. ಕಿಕಿಕಿ, ಗಹಗಹ, ಗೊರ್. ಅವಳು ಈ ಬೀದಿಯಲ್ಲಿ ನಕ್ಕರೆ ಮೂರನೇ ಬೀದಿಯ ಎಮ್ಮೆಕರು ತಾಯಿ ಕರೆಯಿತು ಅಂದುಕೊಂಡು ಹಗ್ಗ ಕಿತ್ತುಕೊಂಡು ಬರುತ್ತಿತ್ತಂತೆ.

ಜೇಡಿಕೆರೆಯ ಕುಂಬಾರರು ಹೆಣ್ಣು ನೋಡಲು ಬರುತ್ತಾರೆ ಅಂದಾಗ ಸೋದರತ್ತೆ ಗಂಗಾಜಮ್ಮ ಹೊನ್ನಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ನೋಡೇ ಹುಡುಗಿ, ಮೂರೇ ಮಾತು ಹೇಳ್ತೀನಿ. ಕಣ್ಣು ಹೆಬ್ಬೆರಳ ಮೇಲಿರಲಿ. ಮಾತು ಗಂಟಲಲ್ಲಿರಲಿ. ನಗು ತುಟಿ ದಾಟದಿರಲಿ."

"ದಾಟಿಬಿಟ್ಟರೆ?"

"ದಾಟಿದ್ರೆ ಬಂದೋರು ಬಂದ ದಾರಿ ಹಿಡೀತಾರೆ. ಹೋದ ವರ್ಷ ಬಂದಿದ್ದೋರು ಉಪ್ಪಿಟ್ಟಿನ ತಟ್ಟೆ ಬಿಟ್ಟು ಎದ್ದು ಹೋಗಲಿಲ್ವಾ? ಆ ಗೊರ್ ಕೇಳಿ ಗಂಡಿನ ತಾಯಿ ತಾಳಿ ಹಿಡ್ಕೊಂಡು ಕೂತುಬಿಟ್ಟಿದ್ದಳು ಕಣೇ."

ಹೌದು, ಹಾಗಾಗಿತ್ತು. ಹೊನ್ನಿಗೆ ಆ ದಿನ ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತಿತ್ತು. ಆದ್ದರಿಂದ ಈ ಸಲ ಅವಳು ಕಣ್ಣನ್ನು ಹೆಬ್ಬೆರಳ ಮೇಲಿಟ್ಟಳು, ಮಾತನ್ನು ಗಂಟಲಲ್ಲಿಟ್ಟಳು, ನಗುವನ್ನು ತುಟಿಯೊಳಗಿಟ್ಟಳು, ನೀರಿನ ಚೊಂಬು ಹಿಡಿದು ಹೊರಗೆ ಬಂದಳು.

ಗಂಡಿನ ಹೆಸರು ಮುದ್ದೀರ. ಗೋಡೆಗೆ ಒರಗದೆ, ರೆಪ್ಪೆ ಹೊಡೆಯದೆ, ದೇವಸ್ಥಾನದ ಬಾಗಿಲು ಕಾಯುವ ಕಲ್ಲಿನ ಮೂರ್ತಿಯ ಹಾಗೆ ಕೂತಿದ್ದನಂತೆ. "ನಮ್ಮ ಹುಡುಗ ಮಾತು ಕಮ್ಮಿ, ತುಂಬಾ ಗಂಭೀರ" ಅಂದರು ಅವನ ಸೋದರಮಾವ. "ನಮ್ಮ ಹುಡುಗೀನೂ ಹಂಗೇ" ಅಂದಳು ಗಂಗಾಜಮ್ಮ, ರೆಪ್ಪೆ ಹೊಡೆಯದೆ.

ಹೊನ್ನಿಗೆ ಅವನ ಮುಖ ಕಾಣಲಿಲ್ಲ. ಕಣ್ಣು ನೆಲದ ಮೇಲಿತ್ತಲ್ಲ, ಅವನ ಕಾಲು ಮಾತ್ರ ಕಂಡಿತು. ಮೇಲೆ ಆಸಾಮಿ ಕಲ್ಲಾಗಿ ಕೂತಿದ್ದರೆ ಕೆಳಗೆ ಅವನ ಬಲಗಾಲಿನ ಹೆಬ್ಬೆರಳು ತಕಧಿಮಿ ತಕಧಿಮಿ ಅಂತ ಕುಣಿಯುತ್ತಿತ್ತು! ಉಗುರಿನ ಸಂದಿಯಲ್ಲಿ ಒಣಗಿದ ಜೇಡಿಮಣ್ಣು ಬೇರೆ. ಹೊನ್ನಿ ಆ ಹೆಬ್ಬೆರಳಿಗೆ ಮನಸ್ಸು ಕೊಟ್ಟಳು. ಮುಖ ಹೇಗಿದ್ದರೂ ಪರವಾಗಿಲ್ಲ ಅಂದುಕೊಂಡಳು.

ಮದುವೆಯಾಯಿತು. ಜೇಡಿಕೆರೆಗೆ ಬಂದಳು. ಬಂದು ನೋಡಿದರೆ ಮುದ್ದೀರನ ಬಾಯಲ್ಲಿ ಇದ್ದದ್ದು ಮೂರೇ ಮಾತು. ಊಟಕ್ಕೆ ಕರೆದರೆ "ಹ್ಞೂಂ". ಇನ್ನೊಂದು ಮುದ್ದೆ ಬೇಕೇ ಅಂದರೆ "ಉಹ್ಞೂಂ". ನೆಂಟರ ಮನೆಗೆ ಹೋಗಿಬರೋಣವೇ ಅಂದರೆ "ಆಗಲಿ". ಇಂಥ ಮರ್ಯಾದಸ್ತನ ಮುಂದೆ ಗೊರ್ ಅನ್ನುವುದು ಹೇಗೆ? ಹೊನ್ನಿ ಇನ್ನೂ ಮೆತ್ತಗಾದಳು. ಅವಳು ಮೆತ್ತಗಾದಷ್ಟೂ ಅವನು ಗಂಭೀರನಾದ, ಅವನು ಗಂಭೀರನಾದಷ್ಟೂ ಅವಳು ಮೆತ್ತಗಾದಳು. ಅತ್ತೆ ದೊಡ್ಡಬೋರಮ್ಮ ನೀರು ಸೇದುವಲ್ಲಿ ಊರವರಿಗೆಲ್ಲಾ ಹೇಳಿದ್ದೇ ಹೇಳಿದ್ದು: "ಸೊಸೆ ಅಂದ್ರೆ ನಮ್ಮೋಳು ಕಣ್ರವ್ವಾ. ಮನೇಲಿದ್ದಾಳೋ ಇಲ್ವೋ ಗೊತ್ತೇ ಆಗಲ್ಲ."

ಈ ಹೊಗಳಿಕೆ ಕೇಳಿದ ದಿನ ಹೊನ್ನಿ ತಾನು ನಿಜಕ್ಕೂ ಇದ್ದೇನೋ ಇಲ್ಲವೋ ಅಂತ ನೀರಿನ ತೊಟ್ಟಿಯಲ್ಲಿ ಒಮ್ಮೆ ಬಗ್ಗಿ ನೋಡಿಕೊಂಡಳಂತೆ.

ಒಂದು ದಿನ ಆಯಿತು, ಎರಡು ದಿನ ಆಯಿತು, ಮೂರು ದಿನ ಆಯಿತು. ನಾಲ್ಕನೇ ದಿನ ಮುದ್ದೀರ ತಿಗರಿ ತಿರುಗಿಸಿಬಿಟ್ಟು ಮಣ್ಣು ತರಲು ಎದ್ದ. ಮನೆಯ ಹುಂಜ, ಇದೇನೋ ಹೊಸ ಜಗಲಿ ಅಂದುಕೊಂಡು, ತಿಗರಿಯ ಮೇಲೆ ಹಾರಿ ಕೂತಿತು. ತಿಗರಿ ತಿರುಗಿತು, ಹುಂಜ ತಿರುಗಿತು. ಹನ್ನೆರಡು ಸುತ್ತು ತಿರುಗಿ ಕೆಳಗಿಳಿದು, ತೂರಾಡುತ್ತಾ ಹೋಗಿ, ಅವರೆಕಾಯಿ ಬಿಡಿಸುತ್ತಾ ಕೂತಿದ್ದ ದೊಡ್ಡಬೋರಮ್ಮನ ಕಾಲ ಬಳಿ ಕೊಕ್ಕು ಊರಿ ಅಡ್ಡಬಿತ್ತು. ಕತೆಯಲ್ಲಿ ಬಂದ ಹುಂಜ ಮಾತಾಡಬೇಕು ಅಂತ ನೀವು ಕಾಯುತ್ತಿರಬಹುದು. ಪಾಪ, ಅದಕ್ಕೆ ತಲೆ ತಿರುಗಿತ್ತು, ಮಾತಾಡಲಿಲ್ಲ.

"ಬಾಳು ಮಗನೇ" ಅಂದಳು ದೊಡ್ಡಬೋರಮ್ಮ, ತಲೆ ಎತ್ತದೆ.

ಹೊನ್ನಿಯ ಹೊಟ್ಟೆಯಲ್ಲಿ ಕಿಕಿಕಿ ಎದ್ದಿತು. ಬಾಯಿಗೆ ಸೆರಗು ತುರುಕಿದಳು, ನಿಲ್ಲಲಿಲ್ಲ. ಗಹಗಹ ಎದೆಗೆ ಬಂತು. ಹಿತ್ತಿಲಿಗೆ ಓಡಿದಳು. ಅಲ್ಲಿ ಹಸಿ ಕೊಡಗಳು ನೆರಳಲ್ಲಿ ಆರುತ್ತಾ ಸಾಲಾಗಿ ಕೂತಿದ್ದವು. ಒಂದರ ಬಾಯಿಗೆ ಮುಖ ಒಡ್ಡಿ, ಕಣ್ಣು ಮುಚ್ಚಿ, ಎಲ್ಲವನ್ನೂ ಒಳಗೆ ಸುರಿದುಬಿಟ್ಟಳು. ಕಿಕಿಕಿ, ಗಹಗಹ, ಗೊರ್. ಯಾರಿಗಾದರೂ ಕೇಳೀತು ಅಂತ ಪಟ್ಟನೆ ಮೇಲೊಂದು ಮುಚ್ಚಳ ಇಟ್ಟಳು.

ಅಬ್ಬಾ, ಜೀವ ಹಗುರವಾಯಿತು.

ಅಂದಿನಿಂದ ದಿನಕ್ಕೊಂದು ಕೊಡ. ಅತ್ತೆ ಬೆಳಿಗ್ಗೆ ಬೈದ ಕಾಗೆಯೇ ಮಧ್ಯಾಹ್ನ ಬಂದು ಅತ್ತೆಯನ್ನು ಬೈದರೆ, ಓಡಿಹೋಗಿ ಒಂದು ಕೊಡ. ಜೋಯಿಸರು ಶಕುನ ಹೇಳುತ್ತಲೇ ಸಗಣಿ ಮೇಲೆ ಜಾರಿದರೆ, ಓಡಿಹೋಗಿ ಒಂದು ಕೊಡ. ಗಂಡನ "ಹ್ಞೂಂ" ಒಮ್ಮೊಮ್ಮೆ ತೀರಾ ಗಂಭೀರವಾಗಿ ಬಂದರೆ ಅದಕ್ಕೂ ಒಂದು ಕೊಡ. ಹುಣ್ಣಿಮೆ ಕಳೆದ ಸೋಮವಾರ ಮುದ್ದೀರ ಆ ಕೊಡಗಳನ್ನೆಲ್ಲಾ ಆವಿಗೆಗೆ ಜೋಡಿಸಿ ಬೆಂಕಿ ಕೊಟ್ಟ. ಸುಟ್ಟಾಗ ಮಣ್ಣು ಗಟ್ಟಿಯಾಯಿತು, ಮಣ್ಣಿನೊಳಗಿದ್ದದ್ದೂ ಗಟ್ಟಿಯಾಯಿತು. ಮಂಗಳವಾರದ ಸಂತೆಯಲ್ಲಿ ಜನ ರಾಗಿ ಕೊಟ್ಟು, ಅವರೆ ಕೊಟ್ಟು, ಕೊಡ ಒಯ್ದರು.

ಆಮೇಲೆ ನೋಡಿ ಮಜಾ.

ಸೀಮೆಗೆಲ್ಲಾ ದೊಡ್ಡವರಾದ ನಾಡಗೌಡರ ಚಾವಡಿಯಲ್ಲಿ ಪಂಚಾಯಿತಿ ನಡೆದಿತ್ತು. ಒಂದು ಬೇಲಿಗಾಗಿ ಹನ್ನೆರಡು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮ, ಮೀಸೆ ತಿರುವಿಕೊಂಡು ಎದುರುಬದುರು ಕೂತಿದ್ದರು. ಗೌಡರಿಗೆ ಬಾಯಾರಿತು. ಗೌಡತಿ ಹೊಸ ಕೊಡದ ಮುಚ್ಚಳ ತೆಗೆದಳು. ಕಿಕಿಕಿ, ಗಹಗಹ, ಗೊರ್! ಗೌಡತಿ ಚೊಂಬು ಬಿಸಾಡಿದಳು. ಗೌಡರ ಪೇಟ ಜಾರಿತು. ಅಣ್ಣ ತುಟಿ ಕಚ್ಚಿದ, ತಮ್ಮ ತೊಡೆ ಚಿವುಟಿಕೊಂಡ, ಇಬ್ಬರ ಕಣ್ಣೂ ಸೇರಿದವು, ಅಷ್ಟೇ. ಹೊಟ್ಟೆ ಹಿಡಿದು ನಕ್ಕು ನಕ್ಕು ಒಬ್ಬನ ಮೇಲೊಬ್ಬ ಬಿದ್ದರು. ಬೇಲಿ ಎಲ್ಲಿತ್ತು ಅಂತ ಆಮೇಲೆ ಯಾರಿಗೂ ನೆನಪಾಗಲಿಲ್ಲವಂತೆ.

ಜೋಯಿಸರ ಮನೆಯಲ್ಲಿ "ನಿಮಗೆ ಏಳು ವರ್ಷ ಶನಿಕಾಟ" ಅನ್ನುವ ಹೊತ್ತಿಗೆ ಸರಿಯಾಗಿ ಕೊಡ ನಕ್ಕಿತು. ಕೇಳಲು ಬಂದವನು ದಕ್ಷಿಣೆ ವಾಪಸು ತೆಗೆದುಕೊಂಡು ಹೋದ. ಸೂಲಗಿತ್ತಿಯ ಮನೆಯಲ್ಲಿ ಕೊಡ ನಕ್ಕದ್ದಕ್ಕೆ, ಹುಟ್ಟಿದಾಗಿನಿಂದ ಅಳುತ್ತಲೇ ಇದ್ದ ಮೊಮ್ಮಗು ಬಾಯಿ ಮುಚ್ಚಿ ಕಣ್ಣು ಬಿಟ್ಟು ನೋಡಿತು. ಮೊದಲು ಜನ ದೆವ್ವ ಅಂದರು, ಬೇವಿನ ಸೊಪ್ಪು ತಂದರು. ಮಂತ್ರ ಹಾಕುವವನೇ ನಕ್ಕು ಬಿಕ್ಕಳಿಕೆ ಹತ್ತಿಸಿಕೊಂಡಾಗ, ದೆವ್ವವಾದರೂ ಒಳ್ಳೇ ದೆವ್ವ ಅಂದರು.

ಒಬ್ಬ ಮುದುಕ ಮಾತ್ರ ಕೊಡ ಹೊತ್ತುಕೊಂಡು ವಾಪಸು ಬಂದ. "ಲೋ ಮುದ್ದೀರ, ಇದು ನನ್ನ ನೋಡಿ ನಗ್ತದೆ ಕಣಪ್ಪ. ನನಗೆ ಹಲ್ಲಿಲ್ಲ ಅಂತ ನಗ್ತದೋ ಏನೋ. ಬೇರೆ ಕೊಡು."

ಮುದ್ದೀರ ಮುಚ್ಚಳ ತೆಗೆದ. ಕಿಕಿಕಿ, ಗಹಗಹ, ಗೊರ್.

ಬಾಗಿಲ ಸಂದಿಯಲ್ಲಿ ನಿಂತಿದ್ದ ಹೊನ್ನಿ ಬಾಯಿಗೆ ಸೆರಗು ಒತ್ತಿಕೊಂಡಳು. ನನ್ನ ನಗು! ಗಂಡನಿಗೆ ಗೊತ್ತಾಯಿತು! ಇವತ್ತೇ ಗಂಟುಮೂಟೆ! ಹೆದರಿ ಹೆದರಿ ನೋಡಿದಳು. ಮುದ್ದೀರನ ಮುಖ ಕಲ್ಲಿನ ಹಾಗೇ ಇತ್ತು. ಕೆಳಗೆ ನೋಡಿದಳು. ಎರಡೂ ಕಾಲಿನ ಹತ್ತೂ ಬೆರಳು ಕುಣಿಯುತ್ತಿದ್ದವು.

ಮುದುಕನಿಗೆ ಬೇರೆ ಕೊಡ ಕೊಟ್ಟು ಕಳಿಸಿ, ಆ ಕೊಡವನ್ನು ಮುದ್ದೀರ ತಿಗರಿಯ ಪಕ್ಕದಲ್ಲೇ ಇಟ್ಟುಕೊಂಡ. ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆಯುವುದು, ಹತ್ತು ಸಲ ಕೇಳುವುದು. ಒಂದು ಮಧ್ಯಾಹ್ನ ಹೊನ್ನಿ ಮಜ್ಜಿಗೆ ತಂದವಳು ಬಾಗಿಲಲ್ಲೇ ನಿಂತಳು. ಒಳಗೆ ಮಾತು ಕೇಳಿಸಿತು. ಮೂರು ಮಾತಲ್ಲ, ಮೂವತ್ತು ಮಾತು!

"ಯಾರವ್ವಾ ನೀನು? ಯಾವೂರೋಳು? ನಿನ್ನ ನಗು ಕೇಳಿದ್ರೆ ನನಗೆ ಹಾಡು ಬರ್ತದೆ. ಮದ್ವೆಗೆ ಮುಂಚೆ ದಿನಾ ಹಾಡ್ತಿದ್ದೆ, ಕತ್ತೆ ಕೂಡ ನಿಂತು ಕೇಳೋದು. ಈಗ ಎಲ್ಲಿ ಹಾಡಲಿ? ಸೋದರಮಾವ ಅಂದ್ರು, ಹೆಂಡ್ತಿ ಮರ್ಯಾದಸ್ತರ ಮನೆಯೋಳು, ನೀನು ಕುಣ್ಕೊಂಡು ಹಾಡ್ಕೊಂಡು ಇದ್ರೆ ಮೂಗು ಮುರೀತಾಳೆ ಅಂತ. ಅವಳೋ ತುಟಿ ಬಿಚ್ಚಿ ನಗೋದೇ ಇಲ್ಲ. ಅವಳ ಮುಂದೆ ಕೆಮ್ಮೋಕೂ ಹೆದರಿಕೆ ನನಗೆ."

ಅಲ್ಲಾ, ಎಂಥ ಗತಿ ನೋಡಿ! ಊರಲ್ಲಿ ಎಷ್ಟೋ ಹೆಂಗಸರಿಗೆ ಸವತಿಯರಿದ್ದರು. ತನ್ನ ನಗುವೇ ತನಗೆ ಸವತಿಯಾದದ್ದು ಹೊನ್ನಿಗೆ ಮಾತ್ರ. ಗಂಡ ಪ್ರೀತಿ ಮಾಡುತ್ತಿರುವುದು ತನ್ನನ್ನೇ, ಆದರೆ ತನ್ನನ್ನಲ್ಲ. ಖುಷಿಪಡುವುದೋ ಹೊಟ್ಟೆಕಿಚ್ಚುಪಡುವುದೋ ಗೊತ್ತಾಗದೆ ಎರಡನ್ನೂ ಒಟ್ಟಿಗೇ ಪಟ್ಟಳು.

ಇವತ್ತು ಊಟಕ್ಕೆ ಕೂತಾಗ ನಕ್ಕುಬಿಡುತ್ತೇನೆ, ಎಲ್ಲಾ ಬಗೆಹರಿಯುತ್ತದೆ ಅಂದುಕೊಂಡಳು. ಗಂಡ ಊಟಕ್ಕೆ ಕೂತ. ಹೊನ್ನಿ ಉಸಿರು ಎಳೆದುಕೊಂಡಳು, ಬಾಯಿ ತೆರೆದಳು. ಏನೂ ಬರಲಿಲ್ಲ. ಅವಳ ನಗು ಎಂದೂ ಕರೆದು ಬಂದದ್ದಲ್ಲ. ಈಗ ಕರೆದರೆ ಹೇಗೆ ಬಂದೀತು? ಬಾಯಿ ತೆರೆದವಳು ತೆರೆದೇ ನಿಂತಳು.

"ಹಲ್ಲು ನೋವಾ?" ಅಂದ ಮುದ್ದೀರ.

"ಉಹ್ಞೂಂ" ಅಂದಳು ಹೊನ್ನಿ.

ಇತ್ತ ನಾಡಗೌಡರು ಡಂಗುರ ಹೊಡೆಸಿದರು. "ಕೊಡದೊಳಗೆ ನಗೋ ಹೆಂಗಸು ಯಾರೇ ಇರಲಿ, ಬರೋ ಶುಕ್ರವಾರ ಕುಂಬಾರರ ಅಂಗಳಕ್ಕೆ ಬಂದು ನಗಬೇಕು. ನಗು ಕೊಡದ್ದಕ್ಕೆ ಹೊಂದಿದ್ರೆ ಹಸಿರು ರೇಷ್ಮೆ ಸೀರೆ, ಎರಡು ಚಿನ್ನದ ಬಳೆ!"

ಶುಕ್ರವಾರ ಬೆಳಿಗ್ಗೆ ಅಂಗಳ ತುಂಬಿಹೋಯಿತು. ಮಧ್ಯದಲ್ಲಿ ಸಿಂಬೆಯ ಮೇಲೆ ಮುದ್ದೀರನ ಕೊಡ. ಅದರ ಪಕ್ಕದಲ್ಲಿ, ಅವನು ಆಗಷ್ಟೇ ತಿಗರಿಯಿಂದ ಇಳಿಸಿದ್ದ ಅಗಲ ಬಾಯಿಯ ಒಂದು ದೊಡ್ಡ ಹಸಿ ಬಾನಿ. ಎದುರಿಗೆ ಮಣೆಯ ಮೇಲೆ ನಾಡಗೌಡರು.

ಮೊದಲು ಎಣ್ಣೆ ಗಾಣದ ಚಿಕ್ಕತಾಯಿ ಬಂದಳು. ಸೊಂಟಕ್ಕೆ ಕೈಕೊಟ್ಟು "ಹಹ್ಹಾ, ಹಹ್ಹಾ" ಅಂದಳು. ಗೌಡರು ಮುಚ್ಚಳ ತೆಗೆದರು. ಕಿಕಿಕಿ, ಗಹಗಹ, ಗೊರ್. ಹೊಂದಲಿಲ್ಲ. ಆಮೇಲೆ ಹೂವಾಡಿಗರ ರಂಗನಾಯಕಿ ಬಂದಳು. ಕಿಕಿಕಿ ಅಂದಳು, ಗಹಗಹ ಅಂದಳು, ಎಲ್ಲರೂ ಮುಂದಕ್ಕೆ ಬಾಗಿದರು. ಗೊರ್ ಅನ್ನಲು ಹೋಗಿ ಮೂಗುಬೊಟ್ಟು ಹಾರಿ ಗೌಡರ ಮಜ್ಜಿಗೆಗೆ ಬಿತ್ತು. ಮೂರನೆಯವಳಾಗಿ ಗೌಡತಿಯೇ ಎದ್ದು ಬಂದಳು.

"ನೀನ್ಯಾಕೆ ಬಂದ್ಯೇ? ಸೀರೆ ನಮ್ಮನೇದೇ ಅಲ್ವಾ?" ಅಂದರು ಗೌಡರು.

"ನಮ್ಮನೇದೇ ಆದ್ರೂ ನನಗೆ ಕೊಟ್ಟಿದ್ದೀರಾ ಯಾವತ್ತಾದ್ರೂ?" ಅಂದಳು ಗೌಡತಿ. ನಗಲಿಲ್ಲ, ಆದರೆ ಅಂಗಳವೆಲ್ಲಾ ನಕ್ಕಿತು.

ಹೀಗೆ ಆರು ಜನ ಬಂದರು, ಆರು ಜನರ ನಗುವೂ ಹೊಂದಲಿಲ್ಲ. ಹೊನ್ನಿ ಕಂಬದ ಮರೆಯಲ್ಲಿ ನಿಂತಿದ್ದಳು. ಮುದ್ದೀರನ ಕಾಲು ನೋಡಿದಳು. ಒಬ್ಬೊಬ್ಬಳು ಬಂದಾಗಲೂ ಬೆರಳು ಆಸೆಯಿಂದ ಏಳುತ್ತಿದ್ದವು, ಹೊಂದಲಿಲ್ಲ ಅಂದಾಗ ಸೋತು ಬೀಳುತ್ತಿದ್ದವು. ಇವತ್ತು ಬಾಯಿ ಬಿಡದಿದ್ದರೆ ಈ ಮನುಷ್ಯ ಸಾಯುವ ತನಕ ಒಂದು ಕೊಡದ ಜೊತೆ ಮಾತಾಡಿಕೊಂಡಿರುತ್ತಾನೆ, ನಾನು ಅವನ ಪಕ್ಕದಲ್ಲಿ ಖಾಲಿ ಕೊಡದ ಹಾಗೆ ಕೂತಿರುತ್ತೇನೆ ಅಂದುಕೊಂಡಳು.

ಸೆರಗು ಬಿಗಿದು ಮುಂದೆ ಬಂದಳು. "ಆ ನಗು ನನ್ನದು."

ದೊಡ್ಡಬೋರಮ್ಮ ಎಲೆಯಡಿಕೆ ನುಂಗಿಬಿಟ್ಟಳು. "ಏ, ಬಾರೇ ಈಚೆಗೆ! ನಿನಗ್ಯಾವಾಗ ನಗು ಬಂದಿತ್ತು?"

"ನಗವ್ವಾ, ನೋಡೋಣ" ಅಂದರು ಗೌಡರು.

ಹೊನ್ನಿ ಸುತ್ತ ನೋಡಿದಳು. ಇಷ್ಟು ಜನ, ಇಷ್ಟು ಕಣ್ಣು. ಅಷ್ಟೂ ಕಣ್ಣಿನಿಂದ ತನ್ನನ್ನು ತಾನೇ ನೋಡಿಕೊಂಡ ಹಾಗಾಯಿತು. ಜಡೆ ಸರಿಯಾಗಿದೆಯಾ? ನಕ್ಕರೆ ವಸಡು ಕಾಣುತ್ತಾ? ಕೈ ಎಲ್ಲಿಟ್ಟುಕೊಳ್ಳಲಿ? ನಗುವಾಗ ಕೈ ಎಲ್ಲಿರುತ್ತೆ? ಅವಳು ಬಾಯಿ ತೆರೆದಳು. ಬಂದದ್ದು ಇಷ್ಟೇ: "ಹಿ... ಹಿ."

ಸುಡುವಾಗ ಬಿರುಕುಬಿಟ್ಟ ಮಡಕೆಯನ್ನು ಬೆರಳಲ್ಲಿ ಬಡಿದರೆ ಬರುತ್ತದಲ್ಲ, ಆ ಒಡಕು ಸದ್ದು. ಗೌಡರು ಕೊಡದ ಮುಚ್ಚಳ ತೆಗೆಯುವ ಗೋಜಿಗೂ ಹೋಗಲಿಲ್ಲ.

"ಸೀರೆ ಆಸೆ ಯಾರನ್ನ ಬಿಟ್ಟದೆ?" ಅಂತ ಯಾರೋ ಅಂದರು. "ಮೂಗಿ ಹಾಡೋಕೆ ಬಂದಳು" ಅಂತ ಇನ್ಯಾರೋ ಅಂದರು. ಜನವೆಲ್ಲಾ ನಕ್ಕರು. ಹೊನ್ನಿಯ ಕಣ್ಣು ತುಂಬಿ ಬಂತು. ತನ್ನ ನಗುವನ್ನೇ ತನ್ನದಲ್ಲ ಅಂದ ಮೇಲೆ ಇನ್ನೇನುಳಿಯಿತು?

ಆಗ ಮುದ್ದೀರ ಎದ್ದು ನಿಂತ. ಮದುವೆಯಾದ ಮೇಲೆ ಮೊದಲ ಸಲ ಹೆಂಡತಿಯ ಮುಖವನ್ನು ನೆಟ್ಟಗೆ ನೋಡಿದ. ನೋಡಿದವನಿಗೆ ಮುಖ ಕೆಂಪಾಯಿತು, ಮೀಸೆ ನಡುಗಿತು.

"ಸಾಕು ನಿಲ್ಲಿಸ್ರೋ! ನನ್ನ ಹೆಂಡ್ತಿ ಅಳೋ ಹಾಗೆ ಮಾಡಿದ ಮೇಲೆ ನನಗೆ ಯಾವ ನಗೂನೂ ಬೇಡ. ಈ ಕೊಡದ ಜೊತೆ ಮಾತಾಡ್ಕೊಂಡು ಕೂತ ನನಗೇ ಬುದ್ಧಿ ಇಲ್ಲ. ಇಗೋ, ಒಡೆದು ಹಾಕ್ತೀನಿ, ನೋಡ್ಕೊಳ್ಳಿ!"

ಇಷ್ಟು ಉದ್ದದ ಮಾತು ಅವನ ಬಾಯಿಂದ ಬಂದದ್ದು ಕೇಳಿ ದೊಡ್ಡಬೋರಮ್ಮ ಅಲ್ಲೇ ಕೂತುಬಿಟ್ಟಳಂತೆ. ಮುದ್ದೀರ ಕಣ್ಣನ್ನು ಹೆಂಡತಿಯ ಮೇಲಿಂದ ತೆಗೆಯದೆ ಬಗ್ಗಿದ, ಕೈಗೆ ಸಿಕ್ಕಿದ್ದನ್ನು ಎತ್ತಿದ, ತಲೆಯ ಮೇಲೆ ಹಿಡಿದ.

ಕೇಳಿ, ತೊಟ್ಟಿಲಲ್ಲೇ ಮಣ್ಣು ಹಿಸುಕಿ ಬೆಳೆದ ಕುಂಬಾರ ಅವನು. ಕಣ್ಣು ಕಟ್ಟಿಬಿಟ್ಟರೂ ಹಸಿ ಯಾವುದು, ಸುಟ್ಟದ್ದು ಯಾವುದು ಅಂತ ಮೂಸಿ ಹೇಳಬಲ್ಲವನು. ಆವತ್ತು ಎತ್ತಿದ್ದು ಕೊಡವನ್ನಲ್ಲ, ಪಕ್ಕದಲ್ಲಿದ್ದ ಹಸಿ ಬಾನಿಯನ್ನು! ಬಾನಿ ಕೈಯಲ್ಲೇ ಬಳುಕಿತು, ಕುಸಿಯಿತು, ಬೋರಲಾಯಿತು. ಮೆಲ್ಲಗೆ, ತುಂಬಾ ಮೆಲ್ಲಗೆ, ಅವನ ತಲೆ ದಾಟಿ, ಮೂಗು ದಾಟಿ, ಮೀಸೆ ದಾಟಿ, ಪಚಕ್ಕೆಂದು ಹೆಗಲ ಮೇಲೆ ಕೂತಿತು.

ಅಂಗಳದ ಮಧ್ಯೆ, ಕತ್ತಿನ ಮೇಲೆ ಬಾನಿ ಇಟ್ಟುಕೊಂಡು, ಮುದ್ದೀರ ಅದೇ ಗಾಂಭೀರ್ಯದಿಂದ ನೆಟ್ಟಗೆ ನಿಂತಿದ್ದ.

"ಏನೂಂದ್ರೆ..." ಅಂದಳು ಹೊನ್ನಿ. "ಚೆನ್ನಾಗಿದ್ದೀರಾ?"

ಒಳಗಿಂದ ದನಿ ಬಂತು. "ಹ್ಞೂಂ."

ಅಷ್ಟೇ. ಹೊನ್ನಿಯ ಹೊಟ್ಟೆಯಲ್ಲಿ ಏನೋ ಕಳಚಿಕೊಂಡಿತು. ಜಡೆ ಮರೆತಳು, ವಸಡು ಮರೆತಳು, ಅತ್ತೆ, ಗೌಡರು, ರೇಷ್ಮೆ ಸೀರೆ ಎಲ್ಲಾ ಮರೆತಳು. ಕಿಕಿಕಿ! ಬಗ್ಗಿ ಮೊಣಕಾಲು ಹಿಡಿದಳು. ಗಹಗಹ! ಕಂಬಕ್ಕೆ ಒರಗಲು ಹೋದಳು, ಕಂಬ ಸಿಗದೆ ನೆಲಕ್ಕೆ ಕೂತಳು. ಗೊರ್! ಸಿಂಬೆಯ ಮೇಲಿದ್ದ ಕೊಡದ ಮುಚ್ಚಳ ತಾನಾಗಿ ಹಾರಿ, ಒಳಗಿನ ನಗು ಹೊರಗಿನ ನಗುವಿಗೆ ದನಿಗೂಡಿಸಿತು. ಗೌಡರ ಚಾವಡಿಯ ಕೊಡ ನಕ್ಕಿತು, ಜೋಯಿಸರ ಮನೆಯ ಕೊಡ ನಕ್ಕಿತು, ಸೂಲಗಿತ್ತಿಯ ಮನೆಯ ಕೊಡ ನಕ್ಕಿತು. ಊರಿಗೆ ಊರೇ ಕಿಕಿಕಿ, ಗಹಗಹ, ಗೊರ್. ಮೂರು ಎಮ್ಮೆಕರು ಹಗ್ಗ ಕಿತ್ತುಕೊಂಡು ಅಂಗಳಕ್ಕೆ ನುಗ್ಗಿದವು.

"ಇವಳೇ! ಇವಳದ್ದೇ!" ಅಂತ ಗೌಡರು ಮಣೆಯಿಂದ ಬಿದ್ದರು.

ಇನ್ನೊಂದು ಸೋಜಿಗ ಕೇಳಿ. ಬಾನಿಯೊಳಗಿದ್ದ ಮುದ್ದೀರನಿಗೆ ಯಾರ ಮುಖವೂ ಕಾಣುತ್ತಿರಲಿಲ್ಲ, ಅವನ ಮುಖವೂ ಯಾರಿಗೂ ಕಾಣುತ್ತಿರಲಿಲ್ಲ. ಕೇಳಿಸುತ್ತಿದ್ದದ್ದು ಆ ನಗು ಒಂದೇ. ಮೊದಲು ಬಲಗಾಲಿನ ಹೆಬ್ಬೆರಳು ಎದ್ದಿತು, ಆಮೇಲೆ ಹತ್ತೂ ಬೆರಳು, ಆಮೇಲೆ ಕಾಲು, ಸೊಂಟ. ಒಳಗಿಂದ ಹಾಡು ಹೊರಟಿತು! ಕತ್ತೆಗೆ ಹೇಳುವ ಹಾಡು, ಮಣ್ಣು ತುಳಿಯುವ ಹಾಡು, ಅರ್ಥವೇ ಇಲ್ಲದ ಹಾಡು. ಬಾನಿ ಹೊತ್ತ ಮನುಷ್ಯ ಅಂಗಳದ ತುಂಬಾ ಕುಣಿದ.

ಹೊನ್ನಿ ಕಣ್ಣೊರೆಸಿಕೊಂಡು ಎದ್ದು ಹೋಗಿ, ಎರಡು ಕೈಯಿಂದ ಆ ಹಸಿಮಣ್ಣನ್ನು ಸೀಳಿ ತೆಗೆದಳು. ಒಳಗೆ ಕೆಸರು ಮೆತ್ತಿಕೊಂಡ ಒಂದು ಮುಖ, ಎರಡು ಕಣ್ಣು ಮಾತ್ರ ಹೊಳೆಯುತ್ತಿದ್ದವು. ಹೆಬ್ಬೆರಳಿಗಿಂತ ಚೆನ್ನಾಗಿಯೇ ಇದೆ ಅನ್ನಿಸಿತು ಅವಳಿಗೆ.

"ಇಷ್ಟು ದಿನ ಎಲ್ಲಿಟ್ಟಿದ್ದೆಯೇ ಇದನ್ನ?" ಅಂದ ಮುದ್ದೀರ.

"ನಿಮ್ಮ ಕೊಡದಲ್ಲೇ ಇಟ್ಟಿದ್ದೆ. ನೀವು ಹಾಡನ್ನ ಎಲ್ಲಿಟ್ಟಿದ್ರಿ?"

"ನಿನ್ನ ಹೆದರಿಕೇಲಿ ಕಾಲ್ಬೆರಳಲ್ಲಿ ಇಟ್ಟಿದ್ದೆ ಕಣೇ."

ಮತ್ತೆ ಗೊರ್.

ಸೀರೆ, ಬಳೆ ಬೇಡ ಅಂದಳು ಅಂತ ಹೇಳಿದರೆ ಕತೆಗೆ ಚೆಂದ. ಆದರೆ ಹೊನ್ನಿ ಎರಡನ್ನೂ ತೆಗೆದುಕೊಂಡಳು, ಅಂದೇ ಉಟ್ಟಳು, ತೊಟ್ಟಳು. ಗೌಡತಿಗೂ ಅಂಥದ್ದೇ ಒಂದು ಸೀರೆ ಬರುವ ತನಕ ಗೌಡರಿಗೆ ಮನೆಯಲ್ಲಿ ಮಜ್ಜಿಗೆ ಸಿಗಲಿಲ್ಲವಂತೆ. ಸೋದರತ್ತೆ ಗಂಗಾಜಮ್ಮ ಸುದ್ದಿ ಕೇಳಿ, "ನಾನು ಅವಾಗ್ಲೇ ಹೇಳಿರಲಿಲ್ವಾ, ಹುಡುಗೀರು ಬಾಯ್ತುಂಬಾ ನಗಬೇಕು ಅಂತ?" ಅಂದಳಂತೆ. ದೊಡ್ಡಬೋರಮ್ಮನೂ ನೀರು ಸೇದುವಲ್ಲಿ ಮಾತು ಬದಲಿಸಿದಳು: "ನಮ್ಮ ಸೊಸೆ ಮನೇಲಿದ್ದಾಳೆ ಅಂತ ಮೂರೂರಿಗೆ ಗೊತ್ತಾಗ್ತದೆ ಕಣ್ರವ್ವಾ."

ಆಮೇಲೆ ಮಾಡಿದ ಕೊಡಗಳು ಮಾತ್ರ ನಗಲಿಲ್ಲ. ಜನ ಬಂದು ದೂರಿದರು. "ಮುಂಚಿನ ಕೊಡ ನಗ್ತಿತ್ತು, ಇದು ಬರೀ ನೀರು ತಣ್ಣಗೆ ಮಾಡ್ತದೆ." "ಅದಕ್ಕೇ ಅಲ್ವಾ ಕೊಡ ಇರೋದು?" ಅಂತಿದ್ದ ಮುದ್ದೀರ, ತಿಗರಿ ತಿರುಗಿಸುತ್ತಾ, ಹಾಡುತ್ತಾ. ಹಳೇ ಕೊಡಗಳು ಒಂದೊಂದೇ ಒಡೆದವು. ಒಂದೊಂದು ಒಡೆದಾಗಲೂ ಒಂದೊಂದು ನಗು ಹಾರಿ ಹೋಗಿ ಮಣ್ಣಿಗೆ ಸೇರಿತು. ಅದಕ್ಕೇ ಇವತ್ತಿಗೂ ಮನೆಯಲ್ಲಿ ಮಡಕೆ ಒಡೆದರೆ, ದೊಡ್ಡವರು ಬೈಯುವ ಮುಂಚೆ, ಮಕ್ಕಳಿಗೆ ಕಿಕಿಕಿ ಅಂತ ನಗು ಬಂದುಬಿಡುತ್ತದಂತೆ.

ಅವರ ಅಂಗಳದಲ್ಲಿ ಅವರು ನಗುತ್ತಾ ಉಳಿದರು, ನಮ್ಮ ಅಂಗಳದಲ್ಲಿ ನಾವು ಕೇಳುತ್ತಾ ಉಳಿದೆವು. ಮುಚ್ಚಳ ತೆಗೆದದ್ದು ನಾನು. ಮುಚ್ಚುವುದೋ, ತೆರೆದೇ ಇಡುವುದೋ, ನಿಮ್ಮ ಮನೆ ಕೊಡ, ನಿಮ್ಮಿಷ್ಟ.